ಎಂಟು ಪ್ಲೈ, ಹತ್ತು ಪ್ಲೈ

ಉದ್ಯಾವರದ ಹೈವೇ ಬದಿಯಲ್ಲಿ ಹಮ್ಮಬ್ಬರ ಟಯರಂಗಡಿ.
ಒಳಗೆ ಕಾಲಿಟ್ಟರೆ ಹೊಸ ರಬ್ಬರಿನ ವಾಸನೆ,
ಸ್ವಲ್ಪ ಸೀಮೆಎಣ್ಣೆ, ಸ್ವಲ್ಪ ಹೊಸ ಚಪ್ಪಲಿ.
ಅವರು ಕೇಳಿದ್ದು ಒಂದೇ ಮಾತು:
'ಎಷ್ಟು ಎಳೀತೀರಿ?'

ಎಷ್ಟು ಅಂತ ಹೇಳಲಿ.
ಫೈಬರ್ ದೋಣಿಯ ತೂಕ ಕಾಗದದಲ್ಲಿ ಒಂದು,
ಮಳೆನೀರು ಕುಡಿದು ಕೂತಾಗ ಇನ್ನೊಂದು.
ಬಲೆ ಒಣಗಿದ್ದರೆ ಸರಿ, ಒದ್ದೆಯಿದ್ದರೆ ದೇವರೇ ಗತಿ.
ಎಂಜಿನ್ ಬಿಚ್ಚಿ ಕೊಡು ಅಂದರೆ
ಬಿಚ್ಚಿದ್ದೇನೆ ಅನ್ನುತ್ತಾನೆ ಬೋಜ ಮೆಂಡನ್,
ಟಾರ್ಪಾಲು ಎತ್ತಿ ನೋಡುವವ ಯಾರು?
ಕಡಲು ಕೆರಳಿದರೆ ಮಲ್ಪೆಯ ಮರಳಿನಿಂದ ಮೇಲಕ್ಕೆ,
ತಣಿದರೆ ಮತ್ತೆ ಕೆಳಕ್ಕೆ,
ನಡುವೆ ಅವರಿವರ ಜನರೇಟರು, ಐಸ್ ಪುಡಿ ಮಾಡುವ ಮಿಷಿನು,
ಒಮ್ಮೆ ಬೇಕರಿಯ ಓವನ್ನು ಕೂಡ.
ಕೊಕ್ಕೆಗೆ ಸಿಕ್ಕಿದ್ದನ್ನೆಲ್ಲ ಎಳೆದಿದ್ದೇನೆ.

ಹಮ್ಮಬ್ಬ ಟಯರಿನ ಕೆನ್ನೆ ಒರೆಸಿದರು,
ಡಾಕ್ಟರ ಚೀಟಿ ಓದುವ ಹಾಗೆ ಕಣ್ಣು ಕಿರಿದು ಮಾಡಿ:
'ಇದು ಎಂಟು ಪ್ಲೈ, ಇದು ಹತ್ತು.
ಇಲ್ಲಿ ನೋಡಿ, ನಾಲ್ಕು ಅಂಕೆ,
ಹುಟ್ಟಿದ ವಾರ, ಹುಟ್ಟಿದ ವರ್ಷ.
ಕಡಿಮೆಗೆ ಕೊಡ್ತೇನೆ ಅನ್ನುವವನ ಹತ್ರ ಮೊದಲು ಇದನ್ನು ಓದಿ.
ಮೀನು ತೆಗೊಳ್ಳುವಾಗ ಕಿವಿರು ಎತ್ತಿ ನೋಡುದಿಲ್ವಾ?'

ಹತ್ತರದ್ದನ್ನು ಮುಟ್ಟಿದೆ. ಗಟ್ಟಿ.
ಮೈಮೇಲೆ ಸಣ್ಣ ಸಣ್ಣ ರಬ್ಬರ್ ಕೂದಲು,
ಹತ್ತನೇ ಕ್ಲಾಸಿನ ಹುಡುಗನ ಮೀಸೆ.
'ಇಷ್ಟು ಗಟ್ಟಿಯಾದ್ರೆ ಮರಳಲ್ಲಿ ಹೂತು ಹೋಗ್ತದೆ.'
'ಗಾಳಿ ಇಳಿಸಿ.'
'ಹೈವೇ ಹತ್ತಿದ ಮೇಲೆ?'
'ತುಂಬಿಸಿ.'
'ನಡುವೆ ಪಂಪು ಎಲ್ಲುಂಟು?'
ನಕ್ಕರು. 'ಎರಡು ಕಡೆಗೂ ಒಳ್ಳೆಯದಾಗುವ ಟಯರು
ಇನ್ನೂ ಹುಟ್ಟಿಲ್ಲ ಮಾರಾಯ್ರೆ.
ಮನುಷ್ಯರು ಇದ್ದಾರೆ, ಅವರಿಗೆ ಗ್ಯಾರಂಟಿ ಇಲ್ಲ.'

ಹೋದ ವರ್ಷದ ಕತೆ ಹೇಳಿದೆ, ಎಲ್ಲರಿಗೂ ಹೇಳುವ ಹಾಗೆ.
ದೋಣಿಯನ್ನು ರಿಪೇರಿಗೆ ಹಂಗಾರಕಟ್ಟೆಗೆ ಒಯ್ಯುತ್ತಿದ್ದೆ.
ಸಂತೆಕಟ್ಟೆ ದಾಟಿದ ಇಳಿಜಾರು, ತುಂತುರು ಮಳೆ,
ಡಬ್ಬೆಂದು ಸದ್ದು. ಬ್ರೇಕು ತುಳಿದೆ.
ಪಿಕಪ್ಪು ನಿಲ್ಲುವ ಮನಸ್ಸು ಮಾಡಿತ್ತು,
ಹಿಂದಿನದ್ದು ಮಾಡಿರಲಿಲ್ಲ.
ಬಲಗಡೆಯ ಕನ್ನಡಿಯಲ್ಲಿ ದೋಣಿಯ ಮೂತಿ ಬಂತು,
ಆಮೇಲೆ ಕನ್ನಡಿಯಲ್ಲಲ್ಲ, ಕಿಟಕಿಯಲ್ಲೇ.
ಡಾಮರಿನ ಮೇಲೆ ದೋಣಿಯೊಂದು
ನನ್ನನ್ನು ಓವರ್‌ಟೇಕ್ ಮಾಡುತ್ತಿತ್ತು.
ಪಕ್ಕದಲ್ಲಿ ಹೆಂಡತಿಯ ತಮ್ಮ ದಾಮು,
ಬಾಯಿಯ ತನಕ ಒಯ್ದ ಗೋಳಿಬಜೆ ಅಲ್ಲೇ.
ಆ ಲೇನಿನಲ್ಲಿ ಆಗ ಯಾರೂ ಇರಲಿಲ್ಲ. ಅಷ್ಟೇ.
ಅದಕ್ಕೆ ಜಾಣತನ ಅನ್ನಲಿಕ್ಕಾಗುವುದಿಲ್ಲ.

ಹಮ್ಮಬ್ಬ ಹೊರಗೆ ಬಂದರು. ಪಿಕಪ್ಪನ್ನು ನೋಡಲಿಲ್ಲ.
ಹಿಂದೆ ನಡೆದು ಟ್ರೇಲರಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು
ಟಯರಿನ ಗೀರಿಗೆ ರೂಪಾಯಿ ಪಾವಲಿ ಒಂದನ್ನು ಇಟ್ಟರು.
ನಿಲ್ಲಲಿಲ್ಲ ಅದು. ಉರುಳಿ ಚರಂಡಿಗೆ.
'ಯಾವುದು ಒಡೆದದ್ದು, ಹೋದ ವರ್ಷ?'

ಪಿಕಪ್ಪಿನದ್ದು ಅಂತ ಊರಿಗೆಲ್ಲ ಹೇಳಿದ್ದೆ.
ಪಿಕಪ್ಪಿನಲ್ಲಿ ಸವೆದದ್ದನ್ನು ಕಳಚಿ
ಟ್ರೇಲರಿಗೆ ಹಾಕುವವ ನಾನೇ,
ವರ್ಷ ವರ್ಷವೂ.
'ಎಳೆಯುವವನ ಕಾಲಿಗೆ ಬೂಟು,
ಹಿಂದೆ ಬರುವವನಿಗೆ ಹರಿದ ಚಪ್ಪಲಿ' ಅಂದರು,
ಬಯ್ಯುವ ಧಾಟಿಯಲ್ಲಲ್ಲ,
ಬಿಲ್ಲು ಬರೆಯುವ ಧಾಟಿಯಲ್ಲಿ.

ಕಿಸೆಯಲ್ಲಿ ಎರಡಕ್ಕಾಗುವಷ್ಟಿತ್ತು.
ಎರಡೂ ಟ್ರೇಲರಿಗೆ.
ಪಿಕಪ್ಪಿಗೆ ದೀಪಾವಳಿಯ ತನಕ ತಾಳು ಅಂದಿದ್ದೇನೆ,
ಅಲ್ಲಿಯವರೆಗೆ ನಲವತ್ತರ ಮೇಲೆ ಇಲ್ಲ,
ಹಿಂದಿನಿಂದ ಬಸ್ಸಿನವ ಎಷ್ಟು ಬೇಕಾದರೂ ಹಾರ್ನು ಹೊಡೆಯಲಿ.

ಕಳಚಿದ ಹಳೆಯವು ಅಂಗಳದಲ್ಲಿದ್ದವು.
ಮಳೆನೀರು ನಿಂತು, ಮಲೇರಿಯಾದವರು ಬಂದು
ಸೊಳ್ಳೆಮರಿ ಎಣಿಸಿ ದಂಡ ಹಾಕುವ ಮೊದಲು
ಮಲ್ಪೆಯ ಧಕ್ಕೆಗೆ ಒಯ್ದು ಕೊಟ್ಟೆ.
ಹಗ್ಗ ಪೋಣಿಸಿ ಗೋಡೆಗೆ ತೂಗಿಬಿಟ್ಟರು.
ಸಂಜೆ ಬೋಟೊಂದು ಬಂದು ಭುಜ ತಾಗಿಸಿತು,
ಹಿಂದೆ ಸರಿಯಿತು, ಮತ್ತೆ ತಾಗಿಸಿತು.
ಇಷ್ಟು ವರ್ಷ ನನ್ನ ಹಿಂದೆ ಬಂದದ್ದು
ಈಗ ಬರುವವರ ಪೆಟ್ಟಿಗೆ ಎದುರು ನಿಂತಿದೆ.
ನೋಡುತ್ತ ಸ್ವಲ್ಪ ಹೊತ್ತು ಕೂತೆ.
ದಾಮು ಗೋಳಿಬಜೆ ತರಲಿಕ್ಕೆ ಹೋಗಿದ್ದ.