ಒಳಗಿನ ಅಂಚು

ಉದ್ಯಮಬಾಗದಾಗ ಮಧ್ಯಾಹ್ನ ಮೂರಕ್ಕ
ಫೌಂಡ್ರಿ ಹೊಗಿ ಇನ್ನಾ ಇಳಿದಿರಲಿಲ್ಲ,
ಆ ಕಾರು ಬಂತು.
ಬಂತು ಅನ್ನೂದಕಿಂತ ಹರದು ಬಂತು,
ಹೊಟ್ಟಿ ನೆಲಕ್ಕ ಹತ್ತೂವಷ್ಟು ತೆಳಗ.
ಅಂಗಡಿ ಮುಂದಿನ ಗಟಾರದ ಮ್ಯಾಲ
ಎರಡು ಹಲಗಿ ಹಾಸಿ
ಪಾಯಗೊಂಡ ಕೈ ಮಾಡಿ ಮಾಡಿ ಒಳಗ ಕರಕೊಂಡ,
ಗಬ್ಬದ ಎಮ್ಮಿ ಕರಕೊಂಡಂಗ.

ಜಿನದತ್ತ ಚೌಗುಲೆ ಅವರ ಗಾಡಿ.
ಪಂಪಿನ ಬಾಡಿ ಎರಕ ಹೊಯ್ಯೂ ಮಂದಿ;
ಕೂದಲೆಳಿ ಫರಕ ಬಂದರ
ಪೂರಾ ಲಾಟ್ ಒಡದು ಮತ್ತ ಕುಲುಮಿಗೆ ಹಾಕಸ್ತಾರ.
"ಹಿಂದ ಏನೋ ಗುಂಯ್ ಅಂತದ ಬಾಳು.
ಟೈರ್ ಹೊಸಾವು, ಎಂಟು ತಿಂಗಳಾಗಿಲ್ಲ.
ನೋಡು, ಗೀರು ಹೆಂಗ ಕಾಣ್ತಾವು!"

ಕಂಡವು.
ನಿಂತು ನೋಡಿದರ
ಹೊರಗಿನ ಅರ್ಧ ಈಗ ತಂದಂಗ,
ರಬ್ಬರಿನ ಮೀಸಿ ಕೂಡ ಉದುರಿಲ್ಲ.

ನಾ ಏನೂ ಅನಲಿಲ್ಲ.
ಗೋಣಿಚೀಲ ಹಾಸಿ ಅಂಗಾತ ಮಲಗಿ
ಎಡಗೈ ಒಳಗ ತೂರಿಸಿದೆ.

ಅಲ್ಲಾಬಕ್ಷ ಉಸ್ತಾದ ಕಲಿಸಿದ್ದು ಇದೊಂದ:
ಕಣ್ಣು ಗಿರಾಕಿದು, ಕೈ ನಿಂದು.
ಒಳಕ್ಕ ಸವರು, ಮತ್ತ ಹೊರಕ್ಕ ಸವರು.
ಹೋಗೂಮುಂದ ರೇಶ್ಮಿ, ಬರೂಮುಂದ ಗರಗಸ ಆದರ
ಗಾಲಿ ಹೋಗೂ ದಿಕ್ಕು ಒಂದು,
ಮಾರಿ ಮಾಡಿದ್ದು ಇನ್ನೊಂದು.
ದಿನಾ ಒಂದೀಟು ಅಡ್ಡ ಜಗ್ಗಿಸಿಕೊಂಡು ಹೋಗ್ತದ,
ಒದರೂದಿಲ್ಲ.

ಬೆರಳಿಗೆ ತಂತಿ ಹತ್ತಿತು.
ರಕ್ತ ಒಂದ ಹನಿ, ಪ್ಯಾಂಟಿಗೆ ಒರಸಿಕೊಂಡೆ.
ಒಳಗಿನ ಎರಡು ಬೆರಳಗಲ
ಮೊದಲ ಬೋಳಾಗಿ, ಆಮ್ಯಾಲ ಬಟ್ಟಿ ಹರದು,
ಈಗ ಬರೇ ತಂತಿ.

"ಮಲಗ್ರಿ ಸಾಹುಕಾರ್ರ" ಅಂದೆ.
ಬಿಳಿ ಅಂಗಿ. ಒಂದು ಗಳಿಗಿ ಗೋಣಿಚೀಲ ನೋಡಿದರು,
ಒಂದು ಗಳಿಗಿ ನನ್ನ.
ಮಲಗಿದರು.
ಭಾಳ ಹೊತ್ತು ಏಳಲಿಲ್ಲ.
ಕಾರಿನ ತೆಳಗಿಂದ ಬರೇ ದನಿ ಬಂತು:
"ಇದರ ಮ್ಯಾಲೇನ ನಾ ಆಯಿತವಾರ
ಚೋರ್ಲಾ ಘಾಟ್ ಇಳದದ್ದು?
ಮಗಳು ಬಾಜೂಕ ನಿದ್ದಿ ಹೋಗಿದ್ಲು."

ಲಾರಿ ಟೈರಿಗೆ ವರ್ಗಾವಣಿ ಅನ್ನೂದು ಇರ್ತದ.
ಮುಂದ ಒಂದಷ್ಟು ದಿನ, ಹಿಂದ ಒಂದಷ್ಟು ದಿನ,
ಸ್ಟೆಪ್ನಿ, ರೀಟ್ರೆಡ್,
ಕಡೀಕ ಯಾರದೋ ಕಬ್ಬಿನ ಗಾಡಿ.
ಇದಕ್ಕ ಹಂಗಿಲ್ಲ.
ಹಿಂದಿನವು ಅಗಲ, ಮುಂದಿನವು ಸಣ್ಣವು,
ಎಡದ್ದು ಬಲಕ್ಕ ಹಾಕೂಹಂಗಿಲ್ಲ.
ಹುಟ್ಟಿದ ಮೂಲಿ ಒಂದ, ಸಾಯೂ ಮೂಲಿನೂ ಅದ.

ಮಷೀನಿನ ಪರದೆ ಮ್ಯಾಲ ಕೆಂಪು ಅಂಕಿ.
"ನೆಟ್ಟಗ ನಿಲ್ಲಿಸಿಬಿಡೋ ಬಾಳು,
ಒಂದ ಸಮ ಸವೀಲಿ."

ನಿಲ್ಲಿಸಬಹುದು.
ಮಾರಿ ತಿರುಗಿದ್ದು ನನ್ನ ಪಾನಾದಾಗ ಅದ, ತಿದ್ದತೀನಿ.
ವಾಲಿದ್ದು ಬ್ಯಾರೆ ಮಾತು.
ಅದನ್ನ ಮಾಡಿದವರು ವಾಲಿಸೇ ಕಳಿಸ್ಯಾರ.
ತಿರುವಿನಾಗ ಮೈ ಹೊರಕ್ಕ ಬೀಳೂಮುಂದ
ಆ ವಾಲಿದ ಗಾಲಿನ
ಪೂರಾ ಅಂಗಾಲು ಊರಿ ಹಿಡೀತದ.
ಆದರ ತಿರುವು ಎಷ್ಟ್ರಿ ದಿನಾ?
ಮನಿಯಿಂದ ಫೌಂಡ್ರಿ, ಫೌಂಡ್ರಿಯಿಂದ ಧಾರವಾಡ,
ಹಗ್ಗ ಜಗ್ಗಿದಂಥಾ ಹಾದಿ.
ಘಾಟಿಗೆ ಅಂತ ಮಾಡಿದ್ದು
ಸೀದಾ ಹಾದ್ಯಾಗ ಸವದು ಹೋಗ್ತದ.

ಎದ್ದು ಕುಂತರು.
ಬೆನ್ನ ತುಂಬ ಗೋಣಿಯ ಎಳಿ.
"ಹಂಗಾರ ವಾಲೇ ಇರಲಿ" ಅಂದರು,
"ತಿಂಗಳಿಗೊಮ್ಮೆ ಕೈ ಹಾಕಿ ನೋಡ್ತಿರು."
"ನೀವ ಹಾಕ್ರಿ" ಅಂದೆ.
ನಕ್ಕರೋ ಇಲ್ಲೋ, ಕತ್ತಲಾಗಿತ್ತು.

ಬಿಚ್ಚಿದ ಎರಡು ಟೈರ್ ಗ್ವಾಡಿಗೆ ಆನಿಸಿ ಇಟ್ಟೀನಿ.
ಯಾವ ಬಂಡಿಗೂ ಕೂಡೂದಿಲ್ಲ;
ಚಪ್ಪಲಿ ಹೊಲಿಯೂ ತುಕಾರಾಮ
ತಂತಿ ನೋಡಿ ಬ್ಯಾಡಂದ.
ರಸ್ತೆ ಕಡೆ ಹೊರಗಿನ ಅಂಚು, ಕರ್ರಗ, ಮಿರಿಮಿರಿ.
ಚಹಾ ತರೂ ಹುಡುಗ ದಿನಾ ಕೇಳ್ತಾನ:
"ಕಾಕಾ, ಹೊಸಾ ಟೈರ್ ಯಾಕ ಒಗದೀರಿ?"

ಇವತ್ತೂ ಹೇಳಲಿಲ್ಲ.
ಗ್ಲಾಸ್ ಇಸಗೊಂಡು ಬಾಜೂಕ ಇಟ್ಟು,
ಅವನ ಮಣಿಕಟ್ಟು ಹಿಡದು,
ಸಾವಕಾಶ, ತಂತಿ ಅದ ಅಂತ ಅಂದು,
ಒಳಗ ಹಾಕಿಸಿದೆ.