ಮೂರನೆಯ ಲೆನ್ಸು

ಎಸ್.ಪಿ. ರಸ್ತೆಯ ಮಹಡಿ ಅಂಗಡಿ.
ಗಾಜಿನ ಮೇಲೆ ಮೂರು ಹಳೇ ಲೆನ್ಸು ಇಟ್ಟು
ಮುನಾವರ್ ಸಾಬರು ಅಂದರು: ಹಾಕಿ ನೋಡಮ್ಮ.

ಮೊದಲನೆಯದಕ್ಕೆ ಮೋಟರಿಲ್ಲ,
ನನ್ನ ಅಗ್ಗದ ಕ್ಯಾಮೆರಾಕ್ಕೂ ಇಲ್ಲ.
ಕೈಯಲ್ಲೇ ತಿರುಗಿಸುತ್ತ ಕೂತರೆ
ಭಾನುವಾರ ಲಗ್ಗೆರೆ ಛತ್ರದಲ್ಲಿ
ತಾಳಿ ಕಾಯುತ್ತದೆಯೇ?

ಎರಡನೆಯದು ಚುರುಕು. ಆದರೆ
ಸಾಬರ ಮೊಮ್ಮಗಳ ರೆಪ್ಪೆ ಬಿಟ್ಟು
ಪ್ರತಿಸಲವೂ ಜುಮುಕಿಗೇ ಹೋಗಿ ಕೂರುತ್ತದೆ
(ಹೆಣ್ಣು ನೋಡಲು ಬಂದ ನಮ್ಮತ್ತೆಯ ಹಾಗೆ).

ಮೂರನೆಯದು ಮುದಿ.
ಶಟರಿನ ಪಕ್ಕದ ಮಬ್ಬಿನಲ್ಲಿ
ಗರ್ರೆಂದು ಹಿಂದೆ ಮುಂದೆ ತಡಕಾಡಿ
ಕೊನೆಗೆ ಕಣ್ಣಿಗೇ ಬಂದು ನಿಂತಿತು.
ಇದೇ ಇರಲಿ, ಅಂದೆ.

ಸಾಬರು ರಸೀದಿ ಬರೆದು
ಮೂಗಿನ ಹತ್ತಿರ ತಂದರು,
ತೋಳುದ್ದ ಸರಿಸಿದರು,
ಮತ್ತೆ ಒಂದಿಷ್ಟು ಹತ್ತಿರ...
ಐದು ಸಾವಿರದ ಇನ್ನೂರು.

ಇನ್ನೂರು ಬಿಡಿ ಅನ್ನಲು
ನಾಲಗೆ ಏಳಲಿಲ್ಲ.