ನಾನೂರು ಕೊಟ್ಟರೂ

ಫೆಬ್ರವರಿ. ಜೇನುಮನೆಯ ಸೂರಿನ ಮೇಲೆ ಮೊಣಕಾಲುದ್ದ ಹಿಮ.
ಒಳಗೆ ಹುಳಗಳು ಮುದ್ದೆಗಟ್ಟಿ
ಒಂದರ ಮೈ ಇನ್ನೊಂದು ಕಾಯಿಸುತ್ತ ಕೂತಿವೆ.
ನನಗೆ ಕೆಲಸವಿಲ್ಲ,
ಅದಕ್ಕೇ ಗಂಟುಬಿತ್ತು ಈ ಪೀಡೆ.

‘ಜೇನು ಮಾರಲು ಒಂದು ಪುಟ ಬೇಕು, ಮಿಲೋಯ್ಕಾ,
ನೀನೇ ಬರೆ, ಬೆರಳು ಹತ್ತಿವೆಯಲ್ಲ’ ಎಂದಳು
ಲೈಬ್ರರಿಯ ತ್ಯಾಶಾ.
ಮಂಗಳವಾರ ಸಂಜೆ ಪಾಠ. ಆರು ಜನ ನಾವು,
ಆರೂ ಜನಕ್ಕೆ ಕನ್ನಡಕ.

ಪೆಟ್ಟಿಗೆ ಬಂತು. ಪೆಟ್ಟಿಗೆಯೊಳಗೆ ಮಾತೂ ಬಂತು:
ಚೆಸ್ಟ್‌ನಟ್ ಹೂವಿನ ಜೇನು, ಮೊದಲು ಕಹಿ, ಆಮೇಲೆ ಸಿಹಿ,
ಕಿಲೋಗೆ ಹದಿನಾಲ್ಕು ಯೂರೋ.
ಆದರೆ ಅಕ್ಷರಗಳೆಲ್ಲ ಗೆರೆಗೆ ಮೂಗು ಒತ್ತಿ ನಿಂತಿದ್ದವು,
ತುಂಬಿದ ಬಸ್ಸಿನ ಗಾಜಿಗೆ ಮಕ್ಕಳು ಒತ್ತಿದ ಹಾಗೆ.

ಪ್ಯಾಡಿಂಗ್ ಕೊಡಿ ಎಂದಿದ್ದಳು. ಕೊಟ್ಟೆ.
ಹತ್ತು ಕೊಟ್ಟೆ. ಇಪ್ಪತ್ತು.
ನಲವತ್ತು ಕೊಟ್ಟು ಕಣ್ಣು ಮುಚ್ಚಿ ತೆರೆದೆ.
ಸಿಟ್ಟು ನೆತ್ತಿಗೇರಿ ನಾನೂರು.
ಕೂದಲೆಳೆಯಷ್ಟೂ ಕದಲಲಿಲ್ಲ.

ಹೋಗಲಿ ಎಂದು ಇದ್ದಬದ್ದ ಪೆಟ್ಟಿಗೆಗಳಿಗೆಲ್ಲ
ಒಂದೇ ಹುಕುಂ ಹೊರಡಿಸಿದೆ.
ತಲೆಬರಹ ಬಾತುಕೊಂಡಿತು, ಫೋನ್ ನಂಬರು ಮೂಲೆ ಸೇರಿತು,
ತಮ್ಮ ಬೊಗೋಮಿರ್ ತೆಗೆದ ಫೋಟೋ
ಎಲ್ಲೋ ಕೆಳಗೆ, ನೆಲಮಾಳಿಗೆಯಲ್ಲಿ.
ಒಬ್ಬಳ ನೆಗಡಿಗೆ ಊರಿಗೆಲ್ಲ ಕಷಾಯ!
ಅಳಿಸಿದೆ.

ಚಹಾ ಮಾಡಿಕೊಂಡೆ. ಆರಿತು.

ನಾನೂರು ಕೊಟ್ಟರೂ ಕದಲದ್ದು ಹಠವಲ್ಲ,
ಮಾತು ಯಾರಿಗೂ ಮುಟ್ಟಿಲ್ಲ ಅಷ್ಟೇ.
ಹೀಗೆ ಹೊಳೆದದ್ದು ಒಲೆಯ ಹತ್ತಿರ, ಸುಮ್ಮನೆ.
ಚಳಿಗಾಲದಲ್ಲಿ ನಾನು ಗೂಡಿಗೆ ಕಿವಿಯಿಟ್ಟು
ಬೆರಳಗಂಟಿನಿಂದ ಒಮ್ಮೆ ತಟ್ಟುತ್ತೇನೆ.
ಬದುಕಿದ್ದರೆ ಝುಂ ಎಂದು ಬೈದು
ಮತ್ತೆ ಸುಮ್ಮನಾಗುತ್ತವೆ.

ಇಲ್ಲೂ ತಟ್ಟಿದೆ: ಹಿನ್ನೆಲೆ ಕೆಂಪು.
ಝುಂ ಇಲ್ಲ.

ಹೆಸರಿನ ಮುಂದೆ ಚುಕ್ಕೆ ಇಟ್ಟಿರಲಿಲ್ಲ.
ಕ್ಲಾಸಿನ ಹೆಸರಾದರೆ ಚುಕ್ಕೆ ಬೇಕು,
ಎರಡು ಸಲ ಹೇಳಿದ್ದಳು, ಬರೆದೂಕೊಂಡಿದ್ದೆ,
ಬೀಜದಂಗಡಿಯ ರಸೀದಿಯ ಬೆನ್ನಿಗೆ.
ಇಟ್ಟೆ, ಸಾಸಿವೆ ಕಾಳಿನಷ್ಟು.
ತಟ್ಟಿದೆ. ಇಲ್ಲ.

ಆಗ ಒಂದೊಂದೇ ಅಕ್ಷರ ಬೆರಳಿಟ್ಟು ಓದಿದೆ,
ಒಂದನೇ ತರಗತಿಯವಳ ಹಾಗೆ, ಬಾಯಿಬಿಟ್ಟು.
ಅಲ್ಲಿ ಶ್ಕಾತ್ಲಾ.
ಇಲ್ಲಿ ಸ್ಕಾತ್ಲಾ.
ನಮ್ಮ ಸ್ಲೊವೇನ್ ಲಿಪಿಯಲ್ಲಿ ‘ಸ’ದ ತಲೆಗೆ ಒಂದು ಪುಟ್ಟ ಸೂರು,
ಸೂರು ಇದ್ದರೆ ‘ಶ’, ಹಾರಿಹೋದರೆ ಬರೀ ‘ಸ’.
ಅರವತ್ಮೂರು ವರ್ಷ ಈ ಭಾಷೆಯಲ್ಲೇ ಜಗಳವಾಡಿದವಳು,
ಅವಸರದಲ್ಲಿ ಒಂದು ಮನೆಗೆ ಸೂರು ಹಾಕದೆ ಬಂದಿದ್ದೆ.

ನನ್ನ ಗೂಡುಗಳ ಮುಂಬಾಗಿಲಿಗೆ ಬಣ್ಣವುಂಟು, ಚಿತ್ರವುಂಟು:
ಒಂದರ ಮೇಲೆ ಬೇಟೆಗಾರನ ಹೆಣ ಹೊತ್ತು ನಡೆವ ಕರಡಿ, ಮೊಲ.
ನೀಲಿ ಮನೆಯದು ಮರೆತು ಹಳದಿಗೆ ಬಂದರೆ
ಬಾಗಿಲಲ್ಲೇ ಮೂಸಿ ಅಟ್ಟುತ್ತಾರೆ ಕಾವಲಿನ ಹೆಂಗಸರು.
ಗೊತ್ತಿದ್ದದ್ದೇ. ಆದರೂ.

ಸೂರು ಹೊದಿಸಿದೆ.

ಅಬ್ಬಬ್ಬಾ!
ಮರೆತೇಬಿಟ್ಟಿದ್ದೆ ಆ ನಾನೂರನ್ನು.
ಕೆಂಪು ಕಡಲು ಉಕ್ಕಿ ಪರದೆ ಪೂರ್ತಿ ನುಂಗಿತು,
ನಡುವೆ ಎಲ್ಲೋ ಬೆರಳಗಲ ‘ಕಹಿ’,
ಒಬ್ಬಂಟಿ ಅಂಬಿಗನ ಹಾಗೆ.
ಒಬ್ಬಳೇ ನಕ್ಕೆ, ನಾಯಿ ಎದ್ದು ನೋಡುವಷ್ಟು.

ಎಷ್ಟು ಬಿಡಲಿ ಎಂದು ಯಾರನ್ನೂ ಕೇಳಲಿಲ್ಲ.
ಚೌಕಟ್ಟಿಗೂ ಗೋಡೆಗೂ ನಡುವೆ ನನ್ನ ಅಳತೆ ಎಂಟು ಮಿಲಿಮೀಟರ್,
ಕಡಿಮೆಯಾದರೆ ಅಂಟು ಮೆತ್ತಿ ಮುಚ್ಚಿಬಿಡುತ್ತವೆ,
ಹೆಚ್ಚಾದರೆ ಅಲ್ಲೇ ಅಡ್ಡಾದಿಡ್ಡಿ ಎರಿ ಕಟ್ಟುತ್ತವೆ.
ಎಂಟು ಬರೆದೆ.
ಪಿಕ್ಸೆಲ್ಲೇ ಬೇರೆ, ಮಿಲಿಮೀಟರೇ ಬೇರೆ, ಬಲ್ಲೆ.
ಅಕ್ಷರಗಳು ಗಾಜಿನಿಂದ ಮೂಗು ತೆಗೆದವು.

ಮಂಗಳವಾರ ತ್ಯಾಶಾ ನೋಡಿ ಕೇಳಿದಳು,
‘ಕೆಂಪು ಬೇಕಂತಲೇ ಇಟ್ಟದ್ದಾ?’

ಹೂಂ ಎಂದೆ.
ಹುಳಗಳಿಗೆ ಕೆಂಪು ಕಾಣುವುದಿಲ್ಲ.
ಕೊಳ್ಳುವವರಿಗೆ ಕಂಡೀತು.